ಹೆದೆ ಎಳೆಯುವ ಕೈಗೊಂದು ಹದ

ಬಿಲ್ಲು ಹಿಡಿದವರ ಮೊಣಕೈ ಕೆಡುವುದು ಹಣೆಬರಹದಿಂದಲ್ಲ, ತಪ್ಪಿದ ಲೆಕ್ಕದಿಂದ. ಆ ಲೆಕ್ಕಕ್ಕೆ ಅಂಬು, ಪೌಂಡುಗಳ ಜತೆ ಹೊಲದ ಸಲಿಕೆಯನ್ನೂ ಬೆನ್ನಿಗೇರಿಸಿದ ಪಂಪನ್ನೂ ಸೇರಿಸಬೇಕು.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡು ಎತ್ತುವ ಪಂದ್ಯ ನೋಡಿದವರಿಗೆ ಗೊತ್ತು: ಕಲ್ಲು ಎಷ್ಟು ಭಾರವೋ ಚಪ್ಪಾಳೆ, ಸೀಟಿ ಅಷ್ಟು ಜೋರು. ಎತ್ತಿದವನ ಕೈಗೆ ಬೆಳ್ಳಿ ಕಡಗ, ಎತ್ತಲಾಗದವನಿಗೆ ಗೆಳೆಯರ ಚಾಷ್ಟಿ. ಕಲ್ಲಿನ ಮಟ್ಟಿಗೆ ಈ ಲೆಕ್ಕ ಸರಿಯೇ ಇದ್ದೀತು. ಕಲ್ಲನ್ನು ಒಮ್ಮೆ ಎತ್ತಿ ಹೆಗಲ ಹಿಂದಕ್ಕೆ ಹಾಕಿದರೆ ಮುಗಿಯಿತು. ಬಿಲ್ಲು ಹಾಗಲ್ಲ. ಹೆದೆ ಎಳೆಯಬೇಕು, ತಡೆದು ಹಿಡಿಯಬೇಕು, ಗುರಿ ನೋಡಬೇಕು, ಬಿಡಬೇಕು. ಮತ್ತೆ ಅದನ್ನೇ ಐವತ್ತು ಸಲ, ನೂರು ಸಲ ಮಾಡಬೇಕು. ನಾಳೆಯೂ ಮಾಡಬೇಕು. ಗುಂಡು ಎತ್ತುವ ಮನಸ್ಸಿನಿಂದ ಬಿಲ್ಲು ಎತ್ತಿದವರ ಕೈ ಒಂದೆರಡು ತಿಂಗಳಲ್ಲೇ ಹೇಳತೊಡಗುತ್ತದೆ. ಮೊದಲು ಮೊಣಕೈಯ ಹೊರಬದಿಯಲ್ಲಿ ಸಣ್ಣ ಚಳುಕು. ಆಮೇಲೆ ನೀರು ತುಂಬಿದ ತಂಬಿಗೆ ಎತ್ತಲೂ ಆಗದಂಥ ನೋವು.

ವೈದ್ಯರ ಬಾಯಲ್ಲಿ ಇದು ಟೆನಿಸ್ ಎಲ್ಬೊ. ರಾಯಚೂರು ಜಿಲ್ಲೆಯ ತುರ್ವಿಹಾಳದ ಸುತ್ತ ಟೆನಿಸ್ ಅಂಕಣ ಹುಡುಕಿಕೊಂಡು ಹೋಗಬೇಕು. ಆದರೆ ಈ ನೋವು ಮಾತ್ರ ಓಣಿ ಓಣಿಯಲ್ಲಿದೆ.

ಬಿಲ್ಲು ಉಳಿಯಿತು, ಕಲಿಸುವವರು ಹೋದರು

ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಸಿಂಧನೂರು, ಮಸ್ಕಿ, ಲಿಂಗಸುಗೂರು, ದೇವದುರ್ಗ, ಅತ್ತ ಕೃಷ್ಣೆಯ ಆಚೆಯ ಸುರಪುರದವರೆಗೂ ಬೇಡ ನಾಯಕರ ದೊಡ್ಡ ನೆಲೆ. ಬೇಟೆ, ಕಾವಲು, ಕಾಳಗ ಈ ಸಮುದಾಯದ ಕಸುಬುಗಳಾಗಿದ್ದವು. ಊರ ಅಗಸೆಯ ವೀರಗಲ್ಲುಗಳಲ್ಲಿ ಹೆದೆ ಎಳೆದು ನಿಂತ ವೀರರು ಕಾಣುವುದು ಸುಮ್ಮನೆ ಅಲ್ಲ.

ಆದರೆ ಬಿಲ್ಲು ಯುದ್ಧದ ಮುಖ್ಯ ಆಯುಧವಾಗಿದ್ದ ಕಾಲ ಬಹಳ ಹಿಂದೆಯೇ ಮುಗಿಯಿತು. 1705ರಲ್ಲಿ ಔರಂಗಜೇಬನ ಸೇನೆ ಸುರಪುರ ನಾಯಕರ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಬೇಡರು ಹೆಸರಾದದ್ದು ಕೋವಿಯ ಗುರಿಗೆ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಆಯುಧ ಒಪ್ಪಿಸಲು ಒಲ್ಲೆವೆಂದು ಮುಧೋಳ ಸೀಮೆಯ ಹಲಗಲಿ ಬೇಡರು ತಿರುಗಿಬಿದ್ದರು. ಊರು ಸುಟ್ಟುಹೋಯಿತು. ಮರುವರ್ಷ ಸುರಪುರವೂ ಬಿದ್ದಿತು. ಕೊನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆಯ ಬಾಗಿಲೂ ಮುಚ್ಚಿತು. ಅದು ಮುಚ್ಚಿದ್ದೇ ಒಳ್ಳೆಯದು.

ಈ ಇತಿಹಾಸಕ್ಕೂ ಇವತ್ತಿನ ಮೊಣಕೈ ನೋವಿಗೂ ನೇರ ನಂಟಿದೆ. ಬಿಲ್ಲು ಪೂರ್ತಿ ಮಾಯವಾಗಲಿಲ್ಲ. ಆಯುಧ ಪೂಜೆಗೆ ಗೋಡೆಯಿಂದ ಇಳಿಯಿತು, ವಾಲ್ಮೀಕಿ ಜಯಂತಿಯ ಮೆರವಣಿಗೆಯಲ್ಲಿ ನಡೆಯಿತು, ಬಯಲಾಟದ ಅರ್ಜುನನ ಕೈಯಲ್ಲಿ ಕುಣಿಯಿತು. ರಾಜ್ಯ ಸರ್ಕಾರದ ಕ್ರೀಡಾ ಪ್ರಶಸ್ತಿಗೂ ಬಿಲ್ಲುಗಾರ ಏಕಲವ್ಯನದೇ ಹೆಸರು ಬಂತು. ಉಳಿಯದೇ ಹೋದದ್ದು ಕಲಿಸುವ ಪರಿಪಾಠ. ಬೇಟೆಗಾರರ ಮನೆಯಲ್ಲಿ ಹುಡುಗನಿಗೆ ಮೊದಲು ಆಟದ ಬಿದಿರುಬಿಲ್ಲು, ತುಸು ಬೆಳೆದ ಮೇಲೆ ಇನ್ನೊಂದು, ತೋಳು ಬಲಿತ ಮೇಲೆ ದೊಡ್ಡದು ಎಂದು ಮೆಟ್ಟಿಲು ಮೆಟ್ಟಿಲಾಗಿ ಬಿಲ್ಲು ಕೈಗೆ ಬರುತ್ತಿತ್ತು. ಇವತ್ತಿನ ಉತ್ಸಾಹಿ ಹುಡುಗ ಆನ್‌ಲೈನಿನಲ್ಲಿ ಬಿಲ್ಲು ತರಿಸುತ್ತಾನೆ. ಐವತ್ತು ಪೌಂಡಿನದೇ ಬೇಕೆಂದು ತರಿಸುತ್ತಾನೆ. ‘ಇದು ಈಗ ಬ್ಯಾಡೋ, ಮೊದ್ಲ ಸಣ್ಣದು ಹಿಡಿ’ ಎನ್ನುವ ಮುತ್ಯಾ ಹತ್ತಿರ ಇರುವುದಿಲ್ಲ. ಇರುವವರು ವಿಡಿಯೊ ಮಾಡುವ ಗೆಳೆಯರು. ಅವರು ಹೇಳುವುದು ಒಂದೇ: ‘ಎಳಿಯಲೇ, ಏನಾಗಂಗಿಲ್ಲ.’

24 ಚೀಲ ಭತ್ತದ ಲೆಕ್ಕ

ಬಿಲ್ಲಿನ ಮೇಲೆ 40 ಪೌಂಡ್ ಎಂದು ಬರೆದಿದ್ದರೆ, ಹೆದೆಯನ್ನು 28 ಅಂಗುಲ ಎಳೆದಾಗ ಬೆರಳ ಮೇಲೆ ಬೀಳುವ ಭಾರ 40 ಪೌಂಡ್ ಎಂದರ್ಥ. ಅಂದರೆ ಸುಮಾರು 18 ಕೆ.ಜಿ. ಮೈಕಟ್ಟು ಎತ್ತರವಿದ್ದು ಇನ್ನೂ ಎರಡು ಅಂಗುಲ ಹೆಚ್ಚು ಎಳೆಯುವವರಿಗೆ ಅಂಗುಲಕ್ಕೆ ಎರಡು ಮೂರು ಪೌಂಡಿನಂತೆ ಭಾರ ಏರುತ್ತದೆ. ಪುರಾಣದ ವೀರರು ಹೆದೆಯನ್ನು ಕಿವಿಯವರೆಗೆ ಎಳೆಯುತ್ತಾರೆ. ಅವರನ್ನು ನೋಡಿ ನಾವೂ ಎಳೆದರೆ ಬಿಲ್ಲಿನ ಮೇಲೆ ಬರೆದ ಅಂಕಿಗೆ ಅರ್ಥವೇ ಉಳಿಯುವುದಿಲ್ಲ.

ಈಗ ಗುಣಾಕಾರ ಮಾಡೋಣ. 18 ಕೆ.ಜಿ.ಯಂತೆ ನೂರು ಅಂಬು ಬಿಟ್ಟರೆ 1,800 ಕೆ.ಜಿ., ಹದಿನೆಂಟು ಕ್ವಿಂಟಲ್. ಸಿಂಧನೂರು ಕಡೆ ಭತ್ತಕ್ಕೆ ಬೆಲೆ ಕಟ್ಟುವ 75 ಕೆ.ಜಿ. ಚೀಲದ ಲೆಕ್ಕದಲ್ಲಿ 24 ಚೀಲ. ಬಿಲ್ಲು 60 ಪೌಂಡಿನದಾದರೆ 36 ಚೀಲ. ಹಮಾಲರು ಚೀಲವನ್ನು ಬೆನ್ನು, ಸೊಂಟ, ತೊಡೆ ಎಲ್ಲ ಕೂಡಿಸಿ ಎತ್ತುತ್ತಾರೆ. ಇಲ್ಲಿ ಎಳೆಯುವುದು ಮೂರು ಬೆರಳು. ಬಿಲ್ಲು ಹಿಡಿದ ಇನ್ನೊಂದು ಕೈ ಅಷ್ಟೇ ಭಾರವನ್ನು ಎದುರು ತಳ್ಳಿ ಹಿಡಿಯಬೇಕು. ಎರಡು ಕೈಗಳ ಆ ಭಾರವೆಲ್ಲ ಮೊಣಕೈ ದಾಟಿಯೇ ಹೆಗಲಿಗೆ, ಬೆನ್ನಿಗೆ ಹೋಗಬೇಕು.

ಗಾಲಿ ಜೋಡಿಸಿದ ಆಧುನಿಕ ಕಾಂಪೌಂಡ್ ಬಿಲ್ಲಿನಲ್ಲಿ ಪೂರ್ತಿ ಎಳೆದ ಮೇಲೆ ಭಾರದ ಬಹುಪಾಲು ಇಳಿದುಹೋಗುತ್ತದೆ. ಸಾಂಪ್ರದಾಯಿಕ ಬಿಲ್ಲಿಗೆ ಅಂಥ ದಯೆ ಇಲ್ಲ. ಬಿದಿರಿನದಾಗಲಿ, ಮರದ್ದಾಗಲಿ, ಗುರಿ ನೋಡುವ ಹೊತ್ತಿಗೇ ಭಾರ ಅತಿ ಹೆಚ್ಚು. ಅಂಬು ಬಿಟ್ಟ ಕ್ಷಣ ಉಳಿದ ಶಕ್ತಿ ನಡುಕವಾಗಿ ಬಿಲ್ಲು ಹಿಡಿದ ಕೈಗೆ ಬಡಿಯುತ್ತದೆ. ಅಂಬು ಹಗುರವಾದಷ್ಟೂ ಆ ಬಡಿತ ಹೆಚ್ಚು. 40 ಪೌಂಡಿನ ಬಿಲ್ಲಿಗೆ 20ರಿಂದ 26 ಗ್ರಾಂ ತೂಕದ ಅಂಬು ಬೇಕು ಎಂಬುದು ಅನುಭವಿಗಳ ರೂಢಿ. ಅಂಬೇ ಇಲ್ಲದೆ ಬರೀ ಹೆದೆ ಎಳೆದು ಬಿಡುವ ಚೇಷ್ಟೆಯಂತೂ ಬಿಲ್ಲಿಗೂ ಕೈಗೂ ಕೇಡು.

ನೋಯುವುದು ಎಲ್ಲಿ, ಯಾಕೆ?

ಮೊಣಕೈಯನ್ನು ಅರ್ಧ ಮಡಚಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಹೊರಬದಿಯ ಎಲುಬಿನ ಗುಬ್ಬಿಯನ್ನು ಮುಟ್ಟಿ ನೋಡಿ. ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲೆತ್ತುವ ಸ್ನಾಯುಗಳಲ್ಲಿ ಹೆಚ್ಚಿನವು ಒಂದೇ ಸ್ನಾಯುರಜ್ಜುವಾಗಿ, ಅಂದರೆ ಟೆಂಡನ್ ಆಗಿ, ಬಂದು ಅಂಟುವುದು ಈ ಗುಬ್ಬಿಗೆ. ಹೆಬ್ಬೆರಳಿನ ಉಗುರಿನಷ್ಟು ಜಾಗ. ಏನನ್ನಾದರೂ ಗಟ್ಟಿಯಾಗಿ ಹಿಡಿದಾಗಲೆಲ್ಲ ಮಣಿಕಟ್ಟು ಅಲುಗಾಡದಂತೆ ನಿಲ್ಲಿಸುವ ಕೆಲಸ ಈ ಸ್ನಾಯುಗಳದು. ಒಳಬದಿಯಲ್ಲೂ ಇಂಥದೇ ಗುಬ್ಬಿ ಇದೆ. ಬೆರಳು ಮಡಚುವ, ಮಣಿಕಟ್ಟು ಬಗ್ಗಿಸುವ ಸ್ನಾಯುಗಳು ಅಂಟಿರುವುದು ಅಲ್ಲಿ.

ಬಿಲ್ಲು ಹಿಡಿದ ಕೈಯ ಹೊರಬದಿ ನೋಯುತ್ತಿದ್ದರೆ ಹಿಡಿತ ಬಿಗಿಯಾಗಿದೆ, ಬಡಿತ ಹೆಚ್ಚಾಗಿದೆ ಎಂದು ಅನುಮಾನಿಸಬಹುದು. ಹೆದೆ ಎಳೆಯುವ ಕೈಯ ಒಳಬದಿ ನೋಯುತ್ತಿದ್ದರೆ ಬೆರಳುಗಳ ಮೇಲೆ ಅಳತೆ ಮೀರಿ ಭಾರ ಬಿದ್ದಿದೆ. ಹೆದೆ ತಾಗಿ ಮುಂಗೈ ಒಳಮೈ ಕೆಂಪಾಗಿ ಬಾತುಕೊಳ್ಳುವುದು ಇವೆರಡಕ್ಕೂ ಸಂಬಂಧವಿಲ್ಲದ ಬೇರೆ ಪೆಟ್ಟು. ಮಹಾಕಾವ್ಯಗಳ ಬಿಲ್ಲುಗಾರರು ಉಡದ ಚರ್ಮದ ಕೈಗಾಪು, ಬೆರಳಗಾಪು ಕಟ್ಟಿಕೊಳ್ಳುತ್ತಿದ್ದುದು ಅದಕ್ಕೇ. ಇವತ್ತು ದಪ್ಪ ಚರ್ಮದ ಪಟ್ಟಿ ಸಾಕು.

ಮನೆಯಲ್ಲೇ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಮೊಣಕೈ ನೇರ ಚಾಚಿ, ಅಂಗೈ ಕೆಳಮುಖ ಮಾಡಿ, ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದು ಎತ್ತಿ. ಹೊರಬದಿಯ ಗುಬ್ಬಿಯಲ್ಲಿ ಚುರ್ ಎಂದರೆ ಟೆನಿಸ್ ಎಲ್ಬೊ ಇರುವ ಸಂಭವ ಹೆಚ್ಚು. ಖಚಿತ ಮಾಡುವುದು ವೈದ್ಯರ ಕೆಲಸ. ಕುತ್ತಿಗೆಯ ನರ ಒತ್ತಿಕೊಂಡರೂ ಮೊಣಕೈಯಲ್ಲೇ ನೋವು ಕಾಣಿಸಬಹುದು.

ಈ ನೋವನ್ನು ಜರ್ಮನಿಯ ವೈದ್ಯ ರುಂಗೆ ದಾಖಲಿಸಿದ್ದು 1873ರಲ್ಲಿ, ಬರೆಯುವ ಕಸುಬಿನವರ ಕೈನೋವಿನ ಮಾತು ಬಂದಾಗ. ಮುಂದಿನ ದಶಕದಲ್ಲಿ ಇಂಗ್ಲೆಂಡಿನ ಟೆನಿಸ್ ಆಟಗಾರರಿಂದ ಅದಕ್ಕೆ ಈಗಿನ ಹೆಸರು ಅಂಟಿಕೊಂಡಿತು. ಬಹುಕಾಲ ಇದನ್ನು ಉರಿಯೂತ ಎಂದೇ ಎಣಿಸಿದ್ದರು. ಶಸ್ತ್ರಕ್ರಿಯೆಯಲ್ಲಿ ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಉರಿಯೂತದ ಕೋಶಗಳು ಅಲ್ಲಿ ಹೆಚ್ಚಾಗಿ ಸಿಗಲಿಲ್ಲ. ಸಿಕ್ಕಿದ್ದು ಸವೆದು, ಸರಿಯಾಗಿ ದುರಸ್ತಿಯಾಗದೆ ಅಸ್ತವ್ಯಸ್ತವಾದ ನಾರು. ಟೆಂಡನ್ನಿಗೆ ರಕ್ತ ಹರಿಯುವುದು ಕಡಿಮೆ, ದುರಸ್ತಿ ನಿಧಾನ. ಆ ದುರಸ್ತಿಗೆ ಬೇಕಾದ ಹೊತ್ತು ಕೊಡದೆ ದಿನವೂ ಎಳೆದರೆ ಸವೆತ ಮುಂದೆ, ರಿಪೇರಿ ಹಿಂದೆ. ಈ ನೋವು ಹೆಚ್ಚು ಕಾಣುವುದು 35ರಿಂದ 55ರ ವಯಸ್ಸಿನವರಲ್ಲಿ.

ಭಾನುವಾರದ ಬಿಲ್ಲು, ವಾರದ ಸಲಿಕೆ

ಪಟ್ಟಣದ ಬಿಲ್ಲುಗಾರನಿಗೂ ನಮ್ಮ ಕಡೆಯವನಿಗೂ ದೊಡ್ಡ ವ್ಯತ್ಯಾಸವೊಂದಿದೆ. ಇಲ್ಲಿ ಬಿಲ್ಲು ಎಳೆಯುವ ಕೈಗೆ ಬೇರೆ ದುಡಿಮೆಯೂ ಉಂಟು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಗದ್ದೆಯಲ್ಲಿ ಬದು ಕಟ್ಟುವ ಸಲಿಕೆ, ನೀರು ತಿರುವುವ ಗುದ್ದಲಿ. ಬೆಳೆ ಎದ್ದ ಮೇಲೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಪಂಪು: ಹದಿನಾರು ಲೀಟರಿನ ಡಬ್ಬಿ ಬೆನ್ನಿಗೆ, ಒಂದು ಕೈ ಸನ್ನೆಯನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು, ಇನ್ನೊಂದು ಕೈಯಲ್ಲಿ ಕೊಳವೆ. ನೀರಾವರಿ ಇಲ್ಲದ ಕಪ್ಪು ನೆಲದಲ್ಲಿ ಹತ್ತಿ ಬಿಡಿಸುವುದು, ಜೋಳದ ಹಕ್ಕಿ ಕಾಯಲು ಕವಣೆ ಬೀಸುವುದು. ಬೈಕಿನ ಕ್ಲಚ್ಚು ಇದ್ದೇ ಇದೆ. ಹೆಣ್ಣುಮಕ್ಕಳಿಗೆ ಕಳೆ ಕೀಳುವುದರ ಮೇಲೆ ಬಟ್ಟೆ ಹಿಂಡುವುದು, ರೊಟ್ಟಿ ಬಡಿಯುವುದು. ಇವೆಲ್ಲ ಬಳಸುವುದು ಅದೇ ಗುಬ್ಬಿಗೆ ಅಂಟಿದ ಅದೇ ಸ್ನಾಯುಗಳನ್ನು.

ಹೀಗಾಗಿ ‘ವಾರಕ್ಕೆ ಒಂದೇ ದಿನ ಎಳಿತೀನ್ರಿ, ಅದೂ ನಲವತ್ತೇ ಅಂಬು’ ಎನ್ನುವವನ ಲೆಕ್ಕ ಅರ್ಧ ಮಾತ್ರ. ಸೋಮವಾರದಿಂದ ಶನಿವಾರದವರೆಗೆ ಪಂಪು ಹೊಡೆದು ದಣಿದ ಟೆಂಡನ್ ಮೇಲೆ ಭಾನುವಾರದ ನಲವತ್ತು ಬಿದ್ದಿದೆ. ನಾಟಿ, ಔಷಧಿ ಸಿಂಪಡಣೆಯ ದಿನಗಳಲ್ಲಿ ಬಿಲ್ಲಿನ ಭಾರವನ್ನೂ ಅಂಬಿನ ಎಣಿಕೆಯನ್ನೂ ಅರ್ಧಕ್ಕೆ ಇಳಿಸಬೇಕು. ಕೊಯ್ಲು ಮುಗಿದು ಕೈ ಖಾಲಿಯಾದಾಗ ಏರಿಸಬಹುದು. ತರಬೇತಿ ಪುಸ್ತಕಗಳು ಇಂಗ್ಲೆಂಡ್, ಅಮೆರಿಕದ ಹವ್ಯಾಸಿಗಳಿಗೆ ಬರೆದ ವೇಳಾಪಟ್ಟಿ ಕೊಡುತ್ತವೆ. ನಮ್ಮ ವೇಳಾಪಟ್ಟಿಯನ್ನು ಕಾಲುವೆ ನೋಡಿ ಬರೆದುಕೊಳ್ಳಬೇಕು.

ಇನ್ನೊಂದು ಅಪಾಯ ದಸರೆಯದು. ವರ್ಷವಿಡೀ ಮುಟ್ಟದ ಬಿಲ್ಲನ್ನು ಬನ್ನಿ ಹಬ್ಬದ ದಿನ ಇಳಿಸಿ, ಹತ್ತು ಜನರ ಮುಂದೆ ಪೂರ್ತಿ ಎಳೆದು ತೋರಿಸುವ ಹುರುಪು. ಟೆಂಡನ್ನಿಗೆ ನಿತ್ಯದ ಸಣ್ಣ ಭಾರ ಒಗ್ಗುತ್ತದೆ, ದಿಢೀರ್ ದೊಡ್ಡ ಭಾರ ಒಗ್ಗುವುದಿಲ್ಲ.

ಸೂಜಿ, ಬರೆ, ಎಣ್ಣೆ

ನೋವು ಬಂತೆಂದರೆ ಸಲಹೆಗಳಿಗೆ ಬರವಿಲ್ಲ. ಒಬ್ಬರು ಬಿಸಿ ಎಣ್ಣೆ ತಿಕ್ಕು ಎಂದರೆ ಇನ್ನೊಬ್ಬರು ಉಪ್ಪಿನ ಶಾಖ ಕೊಡು ಎನ್ನುತ್ತಾರೆ. ಹಿತವಾದ ಬಿಸಿಯಿಂದ ಹಾನಿಯಿಲ್ಲ, ತುಸು ಆರಾಮ ಉಂಟು. ಎಲುಬಿನ ಗುಬ್ಬಿಯ ಮೇಲೆ ಬಲವಾಗಿ ತಿಕ್ಕಿ ಹಿಸುಕುವುದು ಬೇಡ. ಕಾದ ಕಬ್ಬಿಣದಿಂದ ಬರೆ ಹಾಕಿಸುವುದಂತೂ ಸುಟ್ಟ ಗಾಯವನ್ನು ಕೊಡುತ್ತದೆಯೇ ಹೊರತು ಟೆಂಡನ್ ತನಕ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಗಾಯವೇ ದೊಡ್ಡ ರೋಗವಾದೀತು.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು: ‘ಒಂದು ಸೂಜಿ ಮಾಡಿಸ್ಕೊಂಡು ಬಾ, ನಾಳಿಗಿ ಆರಾಮ ಆಗ್ತದ.’ ಸೂಜಿ ಎಂದರೆ ಇಲ್ಲಿ ಸ್ಟಿರಾಯ್ಡ್. ನಾಳೆಗೆ ಆರಾಮ ಆಗುವುದೂ ಹೌದು. ಆದರೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 198 ರೋಗಿಗಳ ಮೇಲೆ ನಡೆದು, 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಬೇರೆಯದೇ ಕತೆ ಹೇಳಿತು. ಸೂಜಿ ಹಾಕಿಸಿಕೊಂಡವರು ಆರನೇ ವಾರದಲ್ಲಿ ಎಲ್ಲರಿಗಿಂತ ಮುಂದಿದ್ದರು. ಆಮೇಲೆ ಅವರಲ್ಲಿ ಹೆಚ್ಚಿನವರಿಗೆ ನೋವು ಮರುಕಳಿಸಿತು. ವರ್ಷ ತುಂಬುವಾಗ ಫಿಸಿಯೊಥೆರಪಿ ಪಡೆದವರು ಮಾತ್ರವಲ್ಲ, ಸಲಹೆ ಕೇಳಿಕೊಂಡು ಸುಮ್ಮನೆ ಕಾದವರೂ ಸೂಜಿಯವರಿಗಿಂತ ಚೆನ್ನಾಗಿದ್ದರು. ನೋವು ಅಡಗಿದ್ದನ್ನೇ ಗುಣವಾಯಿತೆಂದು ತಿಳಿದು ಮರುದಿನವೇ ಸಲಿಕೆ, ಬಿಲ್ಲು ಹಿಡಿಯುವ ನಮ್ಮ ಜಾಯಮಾನಕ್ಕೆ ಈ ಸೂಜಿ ಇನ್ನಷ್ಟು ಅಪಾಯಕಾರಿ.

ನೋವಿನ ಮಾತ್ರೆ ಕೆಲವು ದಿನದ ಮಟ್ಟಿಗೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಏಟು. ಔಷಧಿ ಅಂಗಡಿಯಲ್ಲಿ ಸಿಗುವ ಮೊಣಕೈ ಪಟ್ಟಿಯನ್ನು ಗುಬ್ಬಿಯ ಮೇಲೆ ಕಟ್ಟಬಾರದು, ಅದರಿಂದ ಎರಡು ಬೆರಳು ಕೆಳಗೆ, ಮುಂಗೈಯ ಸ್ನಾಯುವಿನ ಮೇಲೆ ಕಟ್ಟಬೇಕು. ಕೆಲಸದ ಹೊತ್ತಿನಲ್ಲಿ ಭಾರವನ್ನು ತುಸು ಹಂಚುತ್ತದೆ. ಮಲಗುವಾಗ ಬಿಚ್ಚಿಡಬೇಕು.

ಸಮಾಧಾನದ ಸಂಗತಿಯೆಂದರೆ, ಈ ನೋವಿರುವವರಲ್ಲಿ ಬಹುಪಾಲು ಜನ ಶಸ್ತ್ರಕ್ರಿಯೆ ಇಲ್ಲದೆಯೇ ವರ್ಷದೊಳಗೆ, ಹೆಚ್ಚೆಂದರೆ ಒಂದೂವರೆ ಎರಡು ವರ್ಷದಲ್ಲಿ ಸುಧಾರಿಸುತ್ತಾರೆ. ಆ ವರ್ಷವನ್ನು ಹೇಗೆ ಕಳೆಯುತ್ತೇವೆ ಎಂಬುದು ಮುಖ್ಯ.

ಅರ್ಧ ಲೀಟರಿನ ಬಾಟಲಿ

ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿ ತಿಂಗಳುಗಟ್ಟಲೆ ಕೂತರೆ ಟೆಂಡನ್ ಇನ್ನೂ ಸೊರಗುತ್ತದೆ. ಅದಕ್ಕೆ ಬೇಕಾದದ್ದು ಅಳೆದು ಕೊಟ್ಟ ಭಾರ. ಮೊದಲ ಒಂದೆರಡು ವಾರ ಬಿಲ್ಲಿಗೆ ರಜೆ ಕೊಡಿ. ನೋವು ತರುವ ಹಿಡಿತಗಳನ್ನು ಕಡಿಮೆ ಮಾಡಿ. ಏನನ್ನಾದರೂ ಎತ್ತುವಾಗ ಅಂಗೈ ಮೇಲ್ಮುಖವಿರಲಿ, ಮೊಣಕೈ ಮೈಗೆ ಹತ್ತಿರವಿರಲಿ. ಸಲಿಕೆಯ ಹಿಡಿ ತೀರ ತೆಳ್ಳಗಿದ್ದರೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಳ್ಳಿ.

ಆಮೇಲೆ ವ್ಯಾಯಾಮ. ಮೇಜಿನ ಪಕ್ಕ ಕೂತು ಮುಂಗೈಯನ್ನು ಮೇಜಿನ ಮೇಲೆ ಚಾಚಿ, ಮಣಿಕಟ್ಟು ಅಂಚಿನಿಂದ ಹೊರಗಿರಲಿ, ಅಂಗೈ ಕೆಳಮುಖ. ಮನೆ ಕಟ್ಟೆಯ ಅಂಚೂ ನಡೆಯುತ್ತದೆ. ಮೊದಲ ಹಂತದಲ್ಲಿ ಮುಷ್ಟಿಯನ್ನು ನೇರ ಮಟ್ಟದಲ್ಲಿ ಹಿಡಿದು, ಇನ್ನೊಂದು ಕೈಯಿಂದ ಮೇಲಿನಿಂದ ಮೆಲ್ಲಗೆ ಒತ್ತಿ. ಮುಷ್ಟಿ ಅಲುಗಬಾರದು. 30ರಿಂದ 45 ಸೆಕೆಂಡು ತಡೆಹಿಡಿದು ಬಿಡಿ. ಹೀಗೆ ನಾಲ್ಕೈದು ಸಲ. ಇದು ಹಲವರಿಗೆ ನೋವನ್ನೂ ತುಸು ತಗ್ಗಿಸುತ್ತದೆ.

ಎರಡನೇ ಹಂತಕ್ಕೆ ಅರ್ಧ ಲೀಟರ್ ನೀರಿನ ಬಾಟಲಿ, ಅಂದರೆ ಅರ್ಧ ಕೆ.ಜಿ. ನೋವಿರುವ ಕೈಯಲ್ಲಿ ಬಾಟಲಿ ಹಿಡಿದು, ಒಳ್ಳೆಯ ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲೆತ್ತಿ. ಈಗ ಸಹಾಯದ ಕೈ ಬಿಟ್ಟು, ನಾಲ್ಕು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಸಿ. ಕೆಲಸ ಆಗುವುದು ಈ ಇಳಿಸುವಾಗಲೇ. ಹದಿನೈದು ಸಲಕ್ಕೊಂದು ಸುತ್ತು, ಅಂಥ ಮೂರು ಸುತ್ತು. ಒಳಬದಿಯ ನೋವಿನವರು ಇದನ್ನೇ ಅಂಗೈ ಮೇಲ್ಮುಖ ಮಾಡಿ ಮಾಡಬೇಕು. ಸಲೀಸಾದ ಮೇಲೆ ಮುಕ್ಕಾಲು, ಆಮೇಲೆ ಒಂದು ಲೀಟರ್. ಎಂಟು ಹತ್ತು ದಿನಕ್ಕೆ ಫಲ ಕಾಣಲಿಲ್ಲವೆಂದು ಕೈಬಿಡಬೇಡಿ. ಟೆಂಡನ್ ಗಟ್ಟಿಯಾಗಲು ಹನ್ನೆರಡು ವಾರವಾದರೂ ಬೇಕು.

ಎಷ್ಟು ನೋವು ಸಹಿಸಬಹುದು? ಹತ್ತಕ್ಕೆ ಮೂರು ಅನ್ನಿಸುವಷ್ಟು ಇದ್ದರೆ ನಡೆಯುತ್ತದೆ, ಆದರೆ ಮರುದಿನ ಬೆಳಿಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆಯ ಭಾರ ಹೆಚ್ಚಾಯಿತು ಎಂದು ತಿಳಿದು ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ.

ಮತ್ತೆ ಬಿಲ್ಲಿಗೆ

ಬಾಟಲಿ ಸಲೀಸಾದ ಮೇಲೂ ನೇರ ಹಳೆಯ ಬಿಲ್ಲಿಗೆ ಹೋಗಬಾರದು. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಒಳ್ಳೆಯ ಎಳೆಪಟ್ಟಿ ಆಗುತ್ತದೆ. ಅದನ್ನೇ ಹೆದೆಯೆಂದುಕೊಂಡು ಎಳೆದು ಅಭ್ಯಾಸ ಮಾಡಿ. ಬಳಿಕ ಹಳೆಯ ಬಿಲ್ಲಿನ ಅರ್ಧ ಭಾರದ ಬಿಲ್ಲು, ದಿನ ಬಿಟ್ಟು ದಿನ, ಹತ್ತು ಹದಿನೈದು ಅಂಬು. ವಾರಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡಿ. ಅಂಬಿನ ಎಣಿಕೆ ಏರಿಸಿದ ವಾರ ಭಾರ ಏರಿಸಬಾರದು, ಭಾರ ಏರಿಸಿದ ವಾರ ಎಣಿಕೆ ಏರಿಸಬಾರದು.

ಹಗುರ ಬಿಲ್ಲಿನ ಈ ದಿನಗಳು ನಿಲುವು ತಿದ್ದಿಕೊಳ್ಳಲೂ ಒಳ್ಳೆಯ ಹೊತ್ತು. ಬಿಲ್ಲನ್ನು ಮುಷ್ಟಿ ಬಿಗಿದು ಹಿಡಿಯಬಾರದು. ಹೆಬ್ಬೆರಳಿನ ಬುಡದ ದಿಂಬು ಅದನ್ನು ತಳ್ಳಬೇಕು, ಬೆರಳುಗಳು ಬೀಳದಂತೆ ಕಾದರೆ ಸಾಕು. ಬಿಲ್ಲುಗೈಯ ಮೊಣಕೈಯನ್ನು ಹಿಂದಕ್ಕೆ ಸೆಟೆದು ಬೀಗ ಹಾಕಿದಂತೆ ಮಾಡಬಾರದು. ತುಸು ಸಡಿಲವಿಟ್ಟು, ಮಡಿಕೆಯ ಗೆರೆ ಲಂಬವಾಗುವಂತೆ ಹೊರಳಿಸಿದರೆ ಹೆದೆ ತಾಗುವುದೂ ತಪ್ಪುತ್ತದೆ. ಎಳೆಯುವ ಕೈಯಲ್ಲಿ ಹೆದೆ ಬೆರಳ ತುದಿಯಲ್ಲಿ ನಿಲ್ಲದೆ ಮೊದಲ ಗಂಟಿನ ಮಡಿಕೆಯಲ್ಲಿ ಕೂರಬೇಕು. ಎಳೆಯುವ ಬಲ ಬರಬೇಕಾದದ್ದು ರಟ್ಟೆಯಿಂದಲ್ಲ, ಹೆಗಲ ಹಲಗೆಗಳ ನಡುವಿನ ಬೆನ್ನಿನಿಂದ. ಪೂರ್ತಿ ಎಳೆದಾಗ ಮೊಣಕೈ ಅಂಬಿನ ನೇರಕ್ಕೆ ಹಿಂದೆ ನಿಂತರೆ ಬೆನ್ನು ಕೆಲಸ ಮಾಡುತ್ತಿದೆ. ಅದು ಬದಿಗೆ ಚಾಚಿಕೊಂಡು ನಡುಗುತ್ತಿದ್ದರೆ ಬಿಲ್ಲು ಮೈಗೆ ಮಿಕ್ಕಿದೆ. ಮೊಬೈಲಿನ ವಿಡಿಯೊ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ: ಗೆಳೆಯನಿಗೆ ಹಿಂದಿನಿಂದ ತೆಗೆಯಲು ಹೇಳಿ.

ಹಿಂದಿನವರಿಗೆ ಇದೆಲ್ಲ ತಿಳಿಯದ ಸಂಗತಿಯಲ್ಲ. ವಸಿಷ್ಠರ ಹೆಸರಿನ ಧನುರ್ವೇದ ಗ್ರಂಥದಲ್ಲೂ 1363ರ ಶಾರ್ಙ್ಗಧರ ಪದ್ಧತಿಯಲ್ಲೂ ಈ ವಿಚಾರ ಸ್ಪಷ್ಟವಾಗಿ ಬಂದಿದೆ. ಬಿಲ್ಲು ಬಿಲ್ಲುಗಾರನ ತೋಳ್ಬಲಕ್ಕಿಂತ ತುಸು ಕಡಿಮೆಯೇ ಇರಬೇಕು, ಬಿಲ್ಲಿಗಿಂತ ಬಿಲ್ಲುಗಾರ ಬಲಶಾಲಿಯಾಗಿರಬೇಕು, ಬಿಲ್ಲಿನಿಂದ ಪೀಡೆಗೊಳಗಾದವನಿಗೆ ಗುರಿ ಕಾಣುವುದಿಲ್ಲ ಎಂಬುದು ಅದರ ಸಾರ. ಬಯಲಾಟದ ಸೀತಾ ಸ್ವಯಂವರದಲ್ಲಿ ಶಿವಧನುಸ್ಸು ಎದೆಯ ಮೇಲೆ ಬಿದ್ದು ರಾವಣ ಒದ್ದಾಡುವಾಗ ಜನ ಹೊಟ್ಟೆ ಹಿಡಿದು ನಗುತ್ತಾರೆ. ಶಾಸ್ತ್ರ ಗಂಭೀರವಾಗಿ ಹೇಳಿದ್ದನ್ನೇ ಆಟ ನಗಿಸಿ ಹೇಳುತ್ತದೆ.

ಕ್ರಿಕೆಟ್ ನೋಡುವವರಿಗೆ ಹತ್ತಿರದ ಉದಾಹರಣೆ ಸಚಿನ್ ತೆಂಡೂಲ್ಕರ್. ಭಾರದ ಬ್ಯಾಟಿಗೆ ಹೆಸರಾದ ಅವರನ್ನು 2004ರಲ್ಲಿ ಟೆನಿಸ್ ಎಲ್ಬೊ ಮೈದಾನದಿಂದ ಹೊರಗೆ ಕೂರಿಸಿತು. 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಶಸ್ತ್ರಕ್ರಿಯೆ ಆಯಿತು. ಅದೇ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಶ್ರೀಲಂಕಾ ವಿರುದ್ಧ 35ನೇ ಟೆಸ್ಟ್ ಶತಕ ಬಂತು. 2010ರಲ್ಲಿ ಏಕದಿನ ಪಂದ್ಯದ ದ್ವಿಶತಕವೂ ಬಂತು. ಮೊಣಕೈ ಕೆಟ್ಟರೆ ಆಟವೇ ಮುಗಿಯಿತು ಎನ್ನುವವರು ಇದನ್ನು ನೆನೆಯಬಹುದು.

ಎಳೆಯ ಮೊಣಕೈಗೆ ಎಳೆಯ ಬಿಲ್ಲು

ಇಂಗ್ಲೆಂಡಿನ ಎಂಟನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ 1545ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿತು. 1982ರಲ್ಲಿ ಮೇಲೆತ್ತಿದರು. ಅದರಲ್ಲಿ ಸಿಕ್ಕ ಬಿಲ್ಲುಗಳ ಬಲ ನೂರು ಪೌಂಡಿಗೂ ಮೀರಿದ್ದು. ಸಿಕ್ಕ ಅಸ್ಥಿಪಂಜರಗಳ ಹೆಗಲ ಎಲುಬಿನಲ್ಲಿ, ಹದಿಹರೆಯ ದಾಟುವಾಗ ಕೂಡಿಕೊಳ್ಳಬೇಕಾದ ತುದಿ ಕೂಡದೆ ಉಳಿದ ಕುರುಹುಗಳು ಸಾಮಾನ್ಯಕ್ಕಿಂತ ಹೆಚ್ಚಾಗಿದ್ದವು. ಚಿಕ್ಕಂದಿನಿಂದ ಭಾರದ ಬಿಲ್ಲು ಎಳೆದದ್ದೇ ಇದಕ್ಕೆ ಕಾರಣವಿರಬಹುದು ಎಂದು ಎಲುಬುಗಳನ್ನು ಪರೀಕ್ಷಿಸಿದ ತಜ್ಞರು ಊಹಿಸಿದ್ದಾರೆ.

ಬೆಳೆಯುವ ಮಕ್ಕಳ ಮೊಣಕೈಯಲ್ಲೂ ಎಲುಬಿನ ತುದಿಗಳು ಹದಿಹರೆಯದವರೆಗೆ ಪೂರ್ತಿ ಬೆಸೆದಿರುವುದಿಲ್ಲ. ಬುಡಕಟ್ಟು ಮಕ್ಕಳ ಏಕಲವ್ಯ ಮಾದರಿ ವಸತಿ ಶಾಲೆಗಳ ಕ್ರೀಡಾಕೂಟಗಳಲ್ಲಿ ಬಿಲ್ಲುಗಾರಿಕೆಯೂ ಇರುವುದರಿಂದ ಈ ಎಚ್ಚರ ಶಿಕ್ಷಕರಿಗೆ ಬೇಕೇ ಬೇಕು. ಹತ್ತು ಹನ್ನೆರಡರ ಮಕ್ಕಳಿಗೆ ಹತ್ತು ಹದಿನೈದು ಪೌಂಡಿನ ಬಿಲ್ಲು ಸಾಕು. ದೊಡ್ಡವರೇ ಆದರೂ ಹೊಸಬರು ಇಪ್ಪತ್ತರ ಆಸುಪಾಸಿನಿಂದ ಶುರು ಮಾಡಬೇಕು. ಮಗು ಮೊಣಕೈಯ ಒಳಬದಿ ನೋಯುತ್ತದೆ ಎಂದರೆ ಅದನ್ನು ಸೋಮಾರಿತನದ ನೆವ ಎನ್ನದೆ ಬಿಲ್ಲು ಕೆಳಗಿಡಿಸಿ, ವೈದ್ಯರಿಗೆ ತೋರಿಸಬೇಕು.

ತಡಮಾಡದೆ ವೈದ್ಯರನ್ನು ಕಾಣಬೇಕಾದದ್ದು

- ಬಿದ್ದು ಅಥವಾ ಪೆಟ್ಟಾಗಿ ಮೊಣಕೈ ಪೂರ್ತಿ ಚಾಚಲು, ಮಡಚಲು ಬಾರದಿದ್ದರೆ
- ‘ಟಪ್’ ಎಂದು ಸದ್ದಾಗಿ ಕೈಯ ಬಲ ಒಮ್ಮೆಲೇ ಕುಸಿದರೆ
- ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ, ಹಿಡಿತ ಸೋತರೆ
- ಕೀಲು ಬಾತು, ಕೆಂಪಾಗಿ, ಜ್ವರ ಬಂದರೆ
- ಕುತ್ತಿಗೆಯಿಂದ ಕೈಗೆ ನೋವು ಇಳಿಯುತ್ತಿದ್ದರೆ
- ವ್ಯಾಯಾಮ ಬಿಡದೆ ಮಾಡಿಯೂ ಮೂರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ

ಎಲುಬು ಕೀಲು ತಜ್ಞರಿಗೂ ಫಿಸಿಯೊಥೆರಪಿಗೂ ಸಿಂಧನೂರು, ರಾಯಚೂರಿನವರೆಗೆ ಹೋಗಬೇಕಾಗಬಹುದು. ಪ್ರತಿ ವಾರ ಹೋಗಲಾಗದವರು ಒಮ್ಮೆ ಹೋಗಿ ವ್ಯಾಯಾಮ ಸರಿಯಾಗಿ ಕಲಿತು ಬಂದರೂ ಅರ್ಧ ಗೆದ್ದಂತೆ.

ಬಹುಮಾನ ಯಾವುದಕ್ಕೆ?

ಬಿಲ್ಲಿನ ಪರಂಪರೆ ಉಳಿಸಬೇಕೆನ್ನುವ ಮಾತು ಈಚೆಗೆ ಸಭೆ ಸಮಾರಂಭಗಳಲ್ಲಿ ಜೋರಾಗಿ ಕೇಳುತ್ತಿದೆ. ಕೇಳಲಿ. ಆದರೆ ಉಳಿಸಬೇಕಾದದ್ದು ಬಿಲ್ಲೊಂದನ್ನೇ ಅಲ್ಲ, ಹುಡುಗನ ತೋಳು ನೋಡಿ ಬಿಲ್ಲು ಕೊಡುತ್ತಿದ್ದ ಹಿರಿಯರ ಆ ಕಣ್ಣನ್ನು ಕೂಡ. ಜಯಂತಿ, ಜಾತ್ರೆಗಳಲ್ಲಿ ಬಿಲ್ಲಿನ ಪಂದ್ಯ ಇಡುವವರು ಒಂದು ಸಣ್ಣ ನಿಯಮ ಮಾಡಿಕೊಂಡರೆ ಸಾಕು: ವಯಸ್ಸಿಗೆ ತಕ್ಕಂತೆ ಬಿಲ್ಲಿನ ಬಲಕ್ಕೆ ಮಿತಿ, ಅಂಬಿನ ಎಣಿಕೆಗೆ ಮಿತಿ, ಬಹುಮಾನ ಗುರಿಗೆ ಮಾತ್ರ. ಗುಂಡು ಎತ್ತುವವರಿಗೆ ಗುಂಡಿನ ಅಖಾಡ ಇದ್ದೇ ಇದೆ. ಶಾಲೆಗಳಿಗೆ ಬಿಲ್ಲು ಕೊಡಿಸುವ ದಾನಿಗಳೂ ಒಂದು ಭಾರದ ಬಿಲ್ಲಿನ ಹಣದಲ್ಲಿ ಎರಡು ಹಗುರ ಬಿಲ್ಲು ಕೊಡಿಸಲಿ. ಈಗಾಗಲೇ ಮೊಣಕೈ ಕೆಡಿಸಿಕೊಂಡು ಬಾಟಲಿ ಎತ್ತಿ ಇಳಿಸುತ್ತಿರುವವರು ಇಪ್ಪತ್ತು ಪೌಂಡಿನ ಬಿಲ್ಲು ಹಿಡಿದು ಮೈದಾನಕ್ಕೆ ಬರಲು ನಾಚಬೇಕಿಲ್ಲ. ಹತ್ತು ಮೀಟರ್ ದೂರದ ಹುಲ್ಲಿನ ಪಿಂಡಿಯ ನಡುವಿಗೆ ಅಂಬು ನೆಟ್ಟರೆ, ಅದು ಎಷ್ಟು ಪೌಂಡಿನ ಬಿಲ್ಲಿನಿಂದ ಬಂತೆಂದು ಪಿಂಡಿಯೇನೂ ಕೇಳುವುದಿಲ್ಲ.